ರಿಜಿಸ್ಟರಿನಲ್ಲಿಲ್ಲದ ಕಾಲಂ

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ
ಮಾಲ್ದಾರೆ ಸೊಸೈಟಿಯ ಆನೆಹಾನಿ ಪುಸ್ತಕ:
ತಾರೀಖು, ತೋಟ, ಮುರಿದ ಗಿಡ ಎಷ್ಟು,
ಬಾಳೆ ಎಷ್ಟು ಬುಡ, ಅರ್ಜಿ ನಂಬರು, ಬಂದ ದುಡ್ಡು.
ಏಕೆ ಎಂಬುದಕ್ಕೆ ಕಾಲಂ ಇಲ್ಲ.
ಗೆರೆ ಹಾಕಿದವರು ಮಡಿಕೇರಿಯವರು,
ಹಾಳೆ ಅಷ್ಟೇ ಅಗಲವಿತ್ತೇನೋ.

ಅದೇ ಪುಸ್ತಕ ತಿರುವಿ ಪೂವಯ್ಯ ಹೇಳಿದ:
ಹಲಸು ಇರುವಲ್ಲೆಲ್ಲ ಆನೆ ಇದೆ, ನೋಡು.
ಕಡಿದರಾಯಿತು.
ಮೊಯ್ದುವಿನ ಲಾರಿಯೂ ಖಾಲಿ ನಿಂತಿತ್ತು.

ದೇಚಮ್ಮ ಟೀಚರ್ ಅದೇ ಪುಟದ ಮೇಲೆ ಬೆರಳಿಟ್ಟರು:
ಸೋಲಾರ್ ಬೇಲಿ ಇರುವಲ್ಲೂ ಆನೆ ಇದೆ, ಪಟಾಕಿ ಇರುವಲ್ಲೂ.
ಹಾಗಾದರೆ ಆನೆಯನ್ನು ಕರೆದದ್ದು ಪಟಾಕಿಯೋ?
ತನ್ನ ಹುಂಜವೇ ಬೆಳಗು ತರುವುದೆಂದು
ಅದನ್ನು ಕಂಕುಳಲ್ಲಿಟ್ಟು ಊರು ಬಿಟ್ಟ
ಮುದುಕಿಯ ಲೆಕ್ಕ ಇದು, ಪೂವಯ್ಯ.
ಎಲ್ಲರೂ ನಕ್ಕರು, ಪೂವಯ್ಯನೊಬ್ಬ ಬಿಟ್ಟು.

ಭಾನುವಾರ. ಕಾಫಿ ಕಣ ಖಾಲಿ.
ಸಿಮೆಂಟಿನ ಮೇಲೆ ಸೀಮೆಸುಣ್ಣದ ವೃತ್ತಗಳು:
ನೆರಳು, ಹಲಸು, ಸಿಲ್ವರ್ ಓಕು, ಕೆರೆ,
ಬೇಲಿ, ಕಾಫಿ ಬೆಲೆ, ಆನೆ.
ಒಂದೊಂದರಲ್ಲಿ ಒಬ್ಬೊಬ್ಬರು ನಿಲ್ಲಿ, ಅಂದರು.
ಕರು ಕಟ್ಟುವ ಹಗ್ಗ, ಮೆಣಸಿನ ಏಣಿಯ ಹಗ್ಗ,
ಯಾವುದು ಯಾವುದನ್ನು ಎಳೆಯುತ್ತದೋ
ಅವರ ಸೊಂಟದಿಂದ ಇವರ ಸೊಂಟಕ್ಕೆ.
ವಾಚರ್ ಚಿಕ್ಕಬೊಮ್ಮ ಆನೆಯಾದ, ಹೆಮ್ಮೆಯಿಂದ.
ನನಗೆ ಸಿಕ್ಕಿದ್ದು ಕಾಫಿ ಬೆಲೆ.
ನನ್ನನ್ನು ಎಳೆಯಲು ಕಣದಲ್ಲಿ ಯಾರ ಬಳಿಯೂ ಹಗ್ಗವಿರಲಿಲ್ಲ,
ನಾನು ಮಾತ್ರ ಎಲ್ಲರನ್ನೂ ಎಳೆಯಬಹುದಿತ್ತು.

ಬೆಲೆ ಏರಿತು ಅನ್ನಿ, ಅಂದರು. ಎಳೆದೆ.
ನೆರಳು ತಗ್ಗಿತು, ಹಲಸು ಮುಗ್ಗರಿಸಿತು,
ಓಕು ಎರಡು ಹೆಜ್ಜೆ ಮುಂದೆ ಬಂತು,
ಬಿಸಿಲಿಗೆ ಗಿಡ ನೀರು ಕೇಳಿ
ಕೆರೆ ಅಗಲವಾಯಿತು,
ಕೆರೆಯ ಹಗ್ಗ ಚಿಕ್ಕಬೊಮ್ಮನನ್ನು
ಸೀದಾ ತೋಟದ ನಡುವಿಗೆ ತಂದು ನಿಲ್ಲಿಸಿತು.
ಈಗ ಬೇಲಿ! ಅಂದ ಪೂವಯ್ಯ. ಬೇಲಿಯಾಗಿದ್ದವನು ಅವನೇ.
ಹಗ್ಗ ಅಡ್ಡ ಹಿಡಿದ. ಚಿಕ್ಕಬೊಮ್ಮ ಪಕ್ಕಕ್ಕೆ ಸರಿದು
ದೇವಯ್ಯನ ಕಾಲು ತುಳಿದ.
ಆನೆ ಕಡಿಮೆಯಾಗಲಿಲ್ಲ, ಬಿಡಾರ ಬದಲಿಸಿತು.
ಟೀಚರ್ ಇಷ್ಟೇ ಹೇಳಿ
ಸುಣ್ಣದ ಕೈ ಸೀರೆಗೆ ಒರೆಸಿಕೊಂಡರು.

ಚಾ ತಂದಿದ್ದ ಬೊಳ್ಳಿ ಕಣದ ಅಂಚಿನಲ್ಲೇ ನಿಂತಿದ್ದಳು.
ಲೈನ್ ಮನೆಯ ಎರವರ ಬೊಳ್ಳಿ, ಅರ್ಜಿ ಹಾಕದವಳು.
ಪುಸ್ತಕದಲ್ಲಿ ಅವಳ ಗೋಡೆ ಇಲ್ಲ,
ಗೋಡೆಗೆ ಪಹಣಿ ಇಲ್ಲವಲ್ಲ.
ಒಂದು ಬಿಟ್ಟಿದ್ದೀರಿ, ಅಂದಳು. ಅಕ್ಕಿ.
ಎಳೆ ಹಲಸು ಕೀಳಿಸಿ ಗುಂಡಿಗೆ ಹಾಕಿಸುತ್ತೀರಿ,
ಆನೆ ಬರಬಾರದು ಅಂತ.
ಬರುತ್ತದೆ. ಮರದ ಬುಡದಲ್ಲಿ ಏನೂ ಇಲ್ಲ.
ಆಮೇಲೆ ನಮ್ಮ ಅಡುಗೆಮನೆ.
ಕಿತ್ತವಳು ನಾನೇ. ಕೂಲಿ ಕೊಟ್ಟಿದ್ದೀರಿ.

ಯಾರೂ ಹಗ್ಗ ಜಗ್ಗಲಿಲ್ಲ.
ಟೀಚರ್ ಸೀಮೆಸುಣ್ಣ ಅವಳ ಕೈಗೇ ಕೊಟ್ಟರು.
ಅಕ್ಷರ ಬಾರದೆಂದು ಬೊಳ್ಳಿ ಒಂದು ಮಡಕೆ ಬರೆದಳು.
ಹಲಸಿನಿಂದ ಮಡಕೆಗೆ ಬಾಣ.
ಮಡಕೆಯಿಂದ ಎಲ್ಲಿಗೂ ಇಲ್ಲ.

ಕಡಿಯುವ ಮೊದಲು ಒಂದು ಮಾಡಿ ನೋಡುವುದು, ಎಂದಾಯಿತು:
ತೋಡಿನ ಒಂದು ದಂಡೆಯ ನಲವತ್ತು ಮರ,
ಒಂದು ಕಾಯಿಯನ್ನೂ ಮುಟ್ಟುವ ಹಾಗಿಲ್ಲ;
ಇನ್ನೊಂದು ದಂಡೆಯ ನಲವತ್ತು ಹಿಂದಿನಂತೆ.
ಯಾವ ದಂಡೆ ಯಾವುದಕ್ಕೆ ಎಂದು
ಟೀಚರ್ ನಾಣ್ಯ ಚಿಮ್ಮಿದರು,
ಪೂವಯ್ಯ ತನ್ನ ಇಷ್ಟ ಹೇಳುವ ಮೊದಲೇ.

ಜೂನ್ ಕಳೆಯಿತು.
ಮುಟ್ಟದ ದಂಡೆಯಲ್ಲಿ ಒಂದು ಗೋಡೆ ಬಿತ್ತು, ಆಚೆ ನಾಲ್ಕು.
ಪೂವಯ್ಯನೂ ತಲೆ ಆಡಿಸಿದ.
ಆದರೆ ಈ ಸಲ ಹೂಮಳೆ ಮುಂಚೆಯೇ ಬಂದಿತ್ತು,
ಕಾಡಿನ ಕೆರೆಯೂ ತುಂಬಿತ್ತು,
ಈಚೆಯ ಲೈನಿನಲ್ಲಿ ಉಳಿದದ್ದು ಮೂರೇ ಸಂಸಾರ.
ಹೇಳಿದೆ. ನನ್ನ ಕೆಲಸ ಅದು.
ಒಂದು ವರ್ಷ ಅಂದರೆ ಒಂದು ವರ್ಷವೇ ಅಲ್ಲ, ಎಂದಳು ಬೊಳ್ಳಿ,
ಚಾ ಲೋಟ ತೊಳೆಯುತ್ತ.

ಪುಸ್ತಕದ ಬಲ ಅಂಚಿನಲ್ಲಿ
ಒಂದು ಗೆರೆ ಎಳೆದುಕೊಂಡಿದ್ದೇನೆ, ಪೆನ್ಸಿಲಿನಲ್ಲಿ.
ಏಕೆ.
ಆಡಿಟ್‌ನವರು ಕೇಳಿದರೆ ಅಳಿಸಬಹುದು.
ಮೊದಲ ಸಾಲಿಗೆ ಬೊಳ್ಳಿಯ ಗೋಡೆ.
ಅದರೆದುರು ಇನ್ನೂ ಏನೂ ಬರೆದಿಲ್ಲ.